ಆಡಬಾರದ ದಿನ ಆಡಿದ ಮಾತು

ನಮ್ಮ ಊರಿನ ದೇವರಿಗೆ ಕಿವಿ ಇದೆ, ಬುದ್ಧಿ ಇಲ್ಲ. ಇಂಥ ಮಾತನ್ನು ರೋಮಿನಲ್ಲಿ ಜೋರಾಗಿ ಆಡಬಾರದು. ಆದರೆ ನನ್ನ ದನಿ ಈಗ ಮೂರನೆಯ ಸಾಲಿನಲ್ಲಿ ಕೂತವರಿಗೇ ಕೇಳಿಸುವುದಿಲ್ಲ, ಆಕಾಶದಲ್ಲಿರುವವರಿಗೆ ಕೇಳಿಸೀತು ಎಂಬ ಹೆದರಿಕೆ ನನಗಿಲ್ಲ. ಮನಸ್ಸಿನಲ್ಲಿ ಭಕ್ತಿ ಇದೆಯೋ ಹೊಲಸು ಇದೆಯೋ, ಅದು ನಮ್ಮ ದೇವರಿಗೆ ಬೇಡ. ಮಂತ್ರದಲ್ಲಿ ಒಂದು ಅಕ್ಷರ ತಪ್ಪಿತೇ, ಕೊಳಲಿನವನು ನಡುವೆ ಕೆಮ್ಮಿ ನಿಲ್ಲಿಸಿದನೇ, ಉತ್ಸವ ಪೂರ್ತಿ ಕೆಟ್ಟಿತು. ಬಲಿಯಿಂದ ಹಿಡಿದು ಕುದುರೆ ಓಟದವರೆಗೆ ಎಲ್ಲವನ್ನೂ ಮತ್ತೆ ಮಾಡಬೇಕು. ಕಾರ್ಥೇಜಿನ ಆನೆಗಳಿಗೆ ಹೆದರದ ಜನ ಒಂದು ಕೆಮ್ಮಿಗೆ ಹೆದರುತ್ತಾರೆ.

ನಾನು ಮಾನಿಯಸ್ ಕುರ್ಟಿಲಿಯಸ್. ಬಟ್ಟೆ ಒಗೆಯುವವನ ಮಗ. ಒಂದು ಕಾಲದಲ್ಲಿ ನನ್ನದೇ ಒಂದು ನಾಟಕದ ಮೇಳವಿತ್ತು, ನಾನು ಅದರ ಯಜಮಾನ. ನಾಟಕ ಎಂದರೆ ಏನೋ ದೊಡ್ಡದು ಎಂದುಕೊಳ್ಳಬೇಡಿ. ನಮ್ಮ ಅಜ್ಜಂದಿರ ಕಾಲದಲ್ಲಿ ಲ್ಯಾಟಿನ್ನಿನಲ್ಲಿ ಸಾಹಿತ್ಯ ಎಂದು ಇದ್ದದ್ದು ಸತ್ತವರ ಹೊಗಳಿಕೆ ಮತ್ತು ಬದುಕಿದ್ದವರಿಗೆ ಹಾಕುವ ಶಾಪ. ಸುಗ್ಗಿಯಲ್ಲಿ ಕುಡಿದು ಪದ ಕಟ್ಟಿ ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಎಟ್ರೂರಿಯಾ ಕಡೆಯ ಕುಣಿತದವರನ್ನು ಕರೆಸಿ ಕುಣಿಸುತ್ತಿದ್ದರು. ಅವರು ಹೇಳುವುದು ಒಂದೂ ತಿಳಿಯುತ್ತಿರಲಿಲ್ಲ, ಅದಕ್ಕೇ ಬಹಳ ಚೆನ್ನಾಗಿದೆ ಎನ್ನುತ್ತಿದ್ದರು. ಆಮೇಲೆ ನಮ್ಮವರು ಗ್ರೀಕರ ಊರುಗಳನ್ನು ಗೆದ್ದರು. ಕಂಚಿನ ಪಾತ್ರೆ, ವಿಗ್ರಹ, ಅಡಿಗೆಯವರು, ಮೇಷ್ಟರುಗಳು, ಸಿಕ್ಕಿದ್ದನ್ನೆಲ್ಲ ಗಾಡಿಗೆ ಹೇರಿಕೊಂಡು ಬಂದರು. ಆ ಗಾಡಿಗಳಲ್ಲೇ ನಾಟಕವೂ ಬಂತು. ಗ್ರೀಕರ ಹಳೆಯ ನಾಟಕವನ್ನು ಹಳೆಯ ಹೊದಿಕೆಯ ಹಾಗೆ ಒಳಮಗ್ಗಲು ಹೊರಗೆ ಮಾಡಿ ಹೊಲಿದು, ಇದು ನಮ್ಮದು ಎನ್ನುವುದೇ ನಮ್ಮ ಕವಿಗಳ ಕಸುಬು.

ರಂಗದ ಮೇಲೆ ಊರು ಯಾವಾಗಲೂ ಅಥೆನ್ಸ್. ಮಗ ಅಪ್ಪನಿಗೆ ಟೋಪಿ ಹಾಕುವುದು, ಗುಲಾಮನೊಬ್ಬ ಯಜಮಾನನಿಗೆ ಮೂಗುದಾರ ಹಾಕಿ ಆಡಿಸುವುದು, ಇವೆಲ್ಲ ಅಥೆನ್ಸಿನಲ್ಲಿ ಮಾತ್ರ ನಡೆಯುತ್ತವೆ. ರೋಮಿನಲ್ಲಿ ನಡೆದಂತೆ ತೋರಿಸಿದರೆ ನಮ್ಮ ಬೆನ್ನಿನ ಚರ್ಮ ಉಳಿಯುವುದಿಲ್ಲ. ಜನಕ್ಕೂ ಅದೇ ಅನುಕೂಲ. ತಮ್ಮ ಮನೆಯ ಕಥೆಯನ್ನೇ ನೋಡಿ, ಈ ಗ್ರೀಕರು ಎಂಥ ಕೆಟ್ಟ ಜನ ಎಂದು ನಗುತ್ತಾ ಮನೆಗೆ ಹೋಗುತ್ತಾರೆ.

ನನ್ನ ಮೇಳದ ಹೊಟ್ಟೆ ಹೊರೆಯುತ್ತಿದ್ದವನು ಜೋಪಿರಸ್ ಎಂಬ ಗುಲಾಮ. ಸಿಸಿಲಿಯ ಗ್ರೀಕ, ಯುದ್ಧದಲ್ಲಿ ಸೆರೆ ಸಿಕ್ಕವನು. ಸಂತೆಯಲ್ಲಿ ನಾನು ಅವನನ್ನು ಕೊಂಡಾಗ ಮೂಟೆ ಹೊರಲು ಎಂದೇ ಕೊಂಡಿದ್ದೆ. ಒಂದು ದಿನ ಅವನು ನನ್ನ ನಡಿಗೆಯನ್ನು ನನ್ನ ಬೆನ್ನ ಹಿಂದೆಯೇ ಅಣಕಿಸಿದ; ಹುಡುಗರೆಲ್ಲ ನಕ್ಕರು. ಅವನಿಗೆ ನಾಲ್ಕು ಏಟು ಕೊಟ್ಟೆ, ಮರುದಿನವೇ ಕೆಂಪು ಕೂದಲಿನ ಟೋಪನ್ ಕೊಟ್ಟು ರಂಗಕ್ಕೆ ಹತ್ತಿಸಿದೆ. ಅಂದಿನಿಂದ ತಂತ್ರಗಾರ ಗುಲಾಮನ ಪಾತ್ರ ಎಂದರೆ ಅವನೇ. ಯಜಮಾನನಾದ ಮುದುಕನ ಪಾತ್ರ ನನ್ನದು. ಅವನು ಬರುವುದೇ ತಡ, ಗುಡ್ಡದ ಇಳಿಜಾರಿನಲ್ಲಿ ಕಡಲೆ ತಿನ್ನುತ್ತಾ ಕೂತ ಜನ "ಜೋಪಿರಸ್, ಜೋಪಿರಸ್" ಎಂದು ಕೂಗುತ್ತಿದ್ದರು. ನನ್ನ ಹೆಸರನ್ನು ಯಾವ ಕತ್ತೆಯೂ ಕೂಗಿದ್ದಿಲ್ಲ.

ಪ್ರತಿ ಉತ್ಸವ ಮುಗಿದ ಮೇಲೆ, ವೇಷ ಕಳಚುವ ಡೇರೆಯಲ್ಲಿ, ಅವನು ನನ್ನ ಎದುರು ಬಂದು ನಿಲ್ಲುತ್ತಿದ್ದ.

"ಧಣಿ, ನನ್ನ ಮಾತು?"

"ಯಾವ ಮಾತೋ?"

"ಬಿಡುಗಡೆ ಮಾತು. ನೀವೇ ಹೇಳಿದ್ರಿ."

"ಮುಂದಿನ ಉತ್ಸವಕ್ಕೆ ನೋಡೋಣ ಕಣೋ."

ಇದು ಸುಳ್ಳಲ್ಲ. ಮುಂದಿನ ಉತ್ಸವಕ್ಕೆ ನಾನು ನಿಜವಾಗಿಯೂ ನೋಡುತ್ತಿದ್ದೆ. ನೋಡಿ ಸುಮ್ಮನಾಗುತ್ತಿದ್ದೆ. ಹಾಲು ಕೊಡುವ ಹಸುವಿನ ಹಗ್ಗ ಬಿಚ್ಚುವವನು ಯಾರು? ಹೀಗೆ ಹತ್ತು ಹನ್ನೆರಡು ವರ್ಷ ನಡೆಯಿತು.

ಆ ವರ್ಷ ಬೇಸಿಗೆಯ ಹೊತ್ತಿಗೆ ಅವನ ಗಂಟಲು ಒಡೆಯಿತು. ಹಾಡಿನಲ್ಲಿ ಮೇಲಿನ ಸ್ವರಕ್ಕೆ ಹೋದರೆ ದನಿ ಬಿರುಕು ಬಿಡುತ್ತಿತ್ತು. ಟೈಬರ್ ನದಿಯ ಆಚೆ ಹಿಟ್ಟು ಬೀಸುವ ಮನೆಯವನೊಬ್ಬನಿಗೆ ಗಟ್ಟಿ ತೋಳಿನ ಗುಲಾಮ ಬೇಕಾಗಿತ್ತು. ಅಪೋಲೊ ಉತ್ಸವ ಮುಗಿದ ಮೇಲೆ ಜೋಪಿರಸ್‌ನನ್ನು ಮಾರುತ್ತೇನೆ ಎಂದು ಮಾತು ಕೊಟ್ಟೆ. ಬೀಸುವ ಮನೆಗೆ ಹೋದವನು ಕಲ್ಲಿನ ಸುತ್ತ ತಿರುಗುತ್ತಲೇ ಇರುತ್ತಾನೆ, ಬಿದ್ದ ದಿನ ಎಳೆದು ಆಚೆ ಹಾಕುತ್ತಾರೆ. ಅಲ್ಲಿಂದ ಮುದುಕನಾಗಿ ಹೊರಬಂದವನನ್ನು ನಾನು ನೋಡಿಲ್ಲ. "ಕಲ್ಲು ತಿರುಗ್ಸೋಕೆ ರಾಗ ಬೇಕಾಗಿಲ್ಲ ಬಿಡಿ" ಎಂದು ನಾನು ಆ ಬೀಸುವ ಮನೆಯವನ ಹತ್ತಿರ ತಮಾಷೆ ಕೂಡ ಮಾಡಿದೆ. ಡೇರೆಯ ಬಟ್ಟೆಯ ಆಚೆ ಜೋಪಿರಸ್ ನೀರಿನ ಗಡಿಗೆ ಹಿಡಿದು ನಿಂತಿದ್ದ. ಅವನಿಗೆ ಎಲ್ಲ ಕೇಳಿಸಿತು ಎಂದು ನನಗೆ ಗೊತ್ತಾಯಿತು, ಏಕೆಂದರೆ ಆಮೇಲೆ ಅವನು ಬಿಡುಗಡೆಯ ಮಾತೆತ್ತುವುದನ್ನೇ ನಿಲ್ಲಿಸಿದ.

ನನ್ನ ಮೇಳಕ್ಕೆ ನಾಟಕ ಹೊಲಿದು ಕೊಡುತ್ತಿದ್ದ ಕವಿ ಟ್ರೆಬಿಯಸ್. ಕಂಪಾನಿಯ ಕಡೆಯವನು, ಹಿಂದೆ ತಾನೂ ಗುಲಾಮನೇ. ಅವನ ಯಜಮಾನ ಅವನನ್ನು ನ್ಯಾಯಸ್ಥಾನದಲ್ಲಿ ವಿಧಿಪ್ರಕಾರ ಬಿಡುಗಡೆ ಮಾಡಿದ್ದ, ಹಾಗಾಗಿ ಈಗ ಅವನು ನನ್ನಷ್ಟೇ ರೋಮಿನ ಪ್ರಜೆ. ಆದರೆ ಅವನ ಲ್ಯಾಟಿನ್ನಿಗೆ ಹಳ್ಳಿಯ ಬೆಳ್ಳುಳ್ಳಿ ವಾಸನೆ ಹೋಗಿರಲಿಲ್ಲ. ಇಂಥವರೇ ನಮ್ಮ ಭಾಷೆಯ ಕವಿಗಳು. ರೋಮಿನಲ್ಲಿ ಹುಟ್ಟಿದ ಯಾವ ಮರ್ಯಾದಸ್ಥನೂ ಪದ್ಯ ಬರೆಯುವುದಿಲ್ಲ. ಲ್ಯಾಟಿನ್ನಿನಲ್ಲಿ ಹೇಗೆ ಮಾತಾಡಬೇಕು ಎಂದು ನಮಗೆ ಕಲಿಸುವವರೆಲ್ಲ ಲ್ಯಾಟಿನ್ ಬೇರೆಯವರ ಮನೆಯಲ್ಲಿ ಏಟು ತಿಂದು ಕಲಿತವರು.

ಉತ್ಸವಕ್ಕೆ ಸ್ವಲ್ಪ ದಿನ ಇರುವಾಗ ಅವನು ತಾಲೀಮಿಗೆ ಬಂದ.

"ಯಜಮಾನ್ರೆ, ಕೊನೆ ದೃಶ್ಯ ಬದಲಾಯಿಸಿದೀನಿ."

"ಗ್ರೀಕರು ಏನ್ ಬರೆದಿದ್ರೋ ಅದನ್ನೇ ಇಡಯ್ಯ. ಕದಿಯೋದನ್ನಾದ್ರೂ ನೆಟ್ಟಗೆ ಕದಿ."

"ಗ್ರೀಕರಲ್ಲಿ ಮುದುಕ ಗುಲಾಮನಿಗೆ 'ಹೋಗು, ನಿನ್ನ ಬಿಟ್ಟಿದೀನಿ' ಅಂತಾನೆ, ಅಷ್ಟೆ. ಸಪ್ಪೆ. ನಮ್ಮ ನ್ಯಾಯಸ್ಥಾನದಲ್ಲಿ ಹೆಂಗ್ ಮಾಡ್ತಾರೋ ಹಂಗೇ ಮಾಡಿ ತೋರ್ಸೋಣ. ಕೋಲು ಮುಟ್ಸೋದು, ಗಿರ್ರನೆ ತಿರುಗ್ಸೋದು, ಕೈ ಬಿಡೋದು. ಅಥೆನ್ಸ್ ಬೀದೀಲಿ ರೋಮ್ ನ್ಯಾಯಸ್ಥಾನ. ಜನ ಹೊಟ್ಟೆ ಹಿಡ್ಕೊಂಡು ನಗ್ತಾರೆ."

ನಮ್ಮಲ್ಲಿ ಗುಲಾಮನನ್ನು ಬಿಡುವ ಕ್ರಮ ಇದು. ಪ್ರಜೆಯೊಬ್ಬ ಗುಲಾಮನಿಗೆ ಕೋಲು ಮುಟ್ಟಿಸಿ ಇವನು ಸ್ವತಂತ್ರ ಎನ್ನುತ್ತಾನೆ. ಯಜಮಾನ ಅಲ್ಲ ಎನ್ನುವುದಿಲ್ಲ. ಗುಲಾಮನನ್ನು ಹಿಡಿದು ಒಂದು ಸುತ್ತು ತಿರುಗಿಸಿ ಕೈ ಬಿಡುತ್ತಾನೆ. ಎದುರು ಕೂತ ನ್ಯಾಯಾಧಿಪತಿ ಒಂದು ಮಾತು ಆಡುತ್ತಾನೆ: "ಅದ್ದಿಕೋ." ಕೇಳಲು ರೊಟ್ಟಿಯನ್ನು ಹಾಲಿಗೆ ಅದ್ದಿಕೋ ಎಂದ ಹಾಗಿದೆ, ಆದರೆ ಒಪ್ಪಿಸಿದೆ ಎಂದು ಅದರ ಅರ್ಥ. ಆ ಮಾತು ಬಿದ್ದರೆ ಮುಗಿಯಿತು, ಗುಲಾಮ ಪ್ರಜೆಯಾದ.

"ಕೋಲು ಹಿಡಿಯೋನು ಯಾರು?" ಎಂದೆ.

"ನಾನೇ. ನಿಮ್ಮ ಹುಡುಗ್ರಿಗೆಲ್ಲ ಆಗ್ಲೇ ಎರಡೆರಡು ವೇಷ ಇದೆ."

"ಕವಿಗೂ ಬಣ್ಣದ ಚಪಲ ಬಂತು ಅನ್ನು. ನ್ಯಾಯಾಧಿಪತಿ ವೇಷ?"

"ಬೇಡ. ಮುಂದಿನ ಸಾಲಲ್ಲಿ ನಿಜವಾದೋರೇ ಕೂತಿರ್ತಾರಲ್ಲ. ಅವ್ರ ಕಡೆ ತಿರುಗಿ ಕೈ ಮುಗಿದ್ರೆ ಸಾಕು. ಅವ್ರು ಬಿಗ್ದುಕೊಂಡು ಕೂತಿರೋದೇ ಒಂದು ತಮಾಷೆ."

"ಗುಲಾಮನ ಹೆಸರೇನು ಇಟ್ಟಿದೀಯ?"

"ಜೋಪಿರಸ್ ಅಂತ್ಲೇ ಇಡೋಣ. ಜನಕ್ಕೆ ಆ ಹೆಸರು ಇಷ್ಟ."

ಹೇಗೂ ಅವನ ಕೊನೆಯ ಆಟ, ಹೆಸರು ಕೇಳಿಸಿಕೊಂಡೇ ಬೀಸುವ ಮನೆಗೆ ಹೋಗಲಿ ಎಂದು ನಾನು ದೊಡ್ಡ ಮನಸ್ಸು ಮಾಡಿ ಒಪ್ಪಿದೆ. ಜೋಪಿರಸ್ ಮೂಲೆಯಲ್ಲಿ ಕೂತು ತನ್ನ ಟೋಪನ್ನಿನ ಸಿಕ್ಕು ಬಿಡಿಸುತ್ತಿದ್ದ. ತಲೆ ಎತ್ತಲಿಲ್ಲ.

ಅಪೋಲೊ ಉತ್ಸವವನ್ನು ನಡೆಸುವವನು ನಗರದ ನ್ಯಾಯಾಧಿಪತಿ. ಆ ವರ್ಷದವನು ದೊಡ್ಡ ಮನೆತನದ ಸಣ್ಣ ಮನುಷ್ಯ. ಮೈ ತುಂಬ ನೇರಳೆ ಅಂಚಿನ ಟೋಗಾ, ತಲೆ ತುಂಬ ಮುಂದಿನ ಚುನಾವಣೆ. ನಾಟಕ ನೋಡುವಾಗ ಅವನಿಗೊಂದು ಚಾಳಿ ಇತ್ತು. ನಟ ಆಡಬೇಕಾದ ಮಾತನ್ನು ತಾನೇ ಅರೆಕ್ಷಣ ಮೊದಲು ಆಡಿ, ಹೇಗೆ ಎಂದು ಅಕ್ಕಪಕ್ಕದವರ ಮುಖ ನೋಡುವುದು. ಮೇಳದವರಿಗೆಲ್ಲ ಈ ಚಾಳಿ ಗೊತ್ತಿತ್ತು. ನಾವು ಅದನ್ನು ಬೈದುಕೊಳ್ಳುತ್ತಿದ್ದೆವು. ಟ್ರೆಬಿಯಸ್ ಮಾತ್ರ ಬೈಯುತ್ತಿರಲಿಲ್ಲ ಎನ್ನುವುದು ನನಗೆ ಆಮೇಲೆ ಹೊಳೆಯಿತು.

ಇನ್ನೊಂದು ಸಂಗತಿ. ಉತ್ಸವದ ದಿನಗಳು ದೇವರಿಗೆ ಮೀಸಲು. ಆ ದಿನಗಳಲ್ಲಿ ನ್ಯಾಯಸ್ಥಾನದ ಮಾತುಗಳನ್ನು ನ್ಯಾಯಾಧಿಪತಿ ಬಾಯಿಂದ ಆಡಬಾರದು. ಕೊಟ್ಟೆ ಎನ್ನಬಾರದು, ತೀರ್ಪು ಹೇಳಿದೆ ಎನ್ನಬಾರದು, ಒಪ್ಪಿಸಿದೆ ಎನ್ನಬಾರದು. ಆಡಿದರೆ ದೋಷ. ಇದು ಕೂಸಿಗೂ ಗೊತ್ತಿರುವ ವಿಷಯ. ಹಾಗಾಗಿಯೇ ನನಗೆ ಯಾವ ಯೋಚನೆಯೂ ಇರಲಿಲ್ಲ. ಕುದುರೆಯಷ್ಟು ಬುದ್ಧಿ ಇರುವವನೂ ಆ ದಿನ ಆ ಮಾತು ಆಡುವುದಿಲ್ಲ ಎಂದುಕೊಂಡಿದ್ದೆ. ನ್ಯಾಯಾಧಿಪತಿಗಳನ್ನು ನಾನು ಅಷ್ಟರ ಮಟ್ಟಿಗೆ ಗೌರವಿಸಿದ್ದು ಅದೇ ಮೊದಲು, ಅದೇ ಕೊನೆ.

ಗುಡಿಯ ಎದುರಿನ ಮರದ ರಂಗ ಬಿಸಿಲಿಗೆ ಕಾದು ಕಾಲು ಸುಡುತ್ತಿತ್ತು. ಪಕ್ಕದ ಬಯಲಿನಲ್ಲಿ ಹಗ್ಗದ ಮೇಲೆ ನಡೆಯುವವನೊಬ್ಬ ಬಂದಿದ್ದ. ಅರ್ಧ ಜನ ಎದ್ದು ಅತ್ತ ಹೋಗುತ್ತಾರೆ ಎಂದು ನಾನು ಕಾದೆ. ಈ ಜನಕ್ಕೆ ಕಾವ್ಯಕ್ಕಿಂತ ಬೀಳುವ ಮನುಷ್ಯ ಇಷ್ಟ. ಆದರೆ ಅವತ್ತು ಯಾರೂ ಏಳಲಿಲ್ಲ. ಜೋಪಿರಸ್ ತನ್ನ ಒಡೆದ ದನಿಯನ್ನೇ ಆಟಕ್ಕೆ ಹಚ್ಚಿದ್ದ. ಸುಳ್ಳು ಹೇಳುವಾಗಲೆಲ್ಲ ದನಿ ಬಿರುಕು ಬಿಡುವ ಹಾಗೆ, ಸಿಕ್ಕಿಬೀಳುತ್ತೇನೆಂಬ ಹೆದರಿಕೆಗೆ ಗಂಟಲು ಕಟ್ಟಿದ ಹಾಗೆ. ಜನ ಬಿದ್ದು ಬಿದ್ದು ನಕ್ಕರು. ಇವನನ್ನು ಮಾರುವುದು ಸ್ವಲ್ಪ ಆತುರವಾಯಿತೇನೋ ಎಂದು ರಂಗದ ಮೇಲೆಯೇ ನನಗೆ ಅನ್ನಿಸಿತು. ಇನ್ನೊಂದು ವರ್ಷ ದುಡಿಸಬಹುದಿತ್ತು.

ಕೊನೆಯ ದೃಶ್ಯಕ್ಕೆ ಟ್ರೆಬಿಯಸ್ ಗ್ರೀಕ್ ಹೊದಿಕೆ ಹಾಕಿಕೊಳ್ಳದೆ ರೋಮಿನ ಪ್ರಜೆಗಳು ಮಾತ್ರ ಉಡುವ ಟೋಗಾ, ಅದೂ ತನ್ನ ಸ್ವಂತದ್ದೇ ಉಟ್ಟು, ಕೈಯಲ್ಲಿ ಕೋಲು ಹಿಡಿದು ಬಂದ. ಅಥೆನ್ಸಿನ ಬೀದಿಯಲ್ಲಿ ಟೋಗಾ ಕಂಡು ಜನ ಕೂಗಿದರು. ಅವನು ಜೋಪಿರಸ್‌ನ ತಲೆಗೆ ಕೋಲು ಮುಟ್ಟಿಸಿ, "ಈ ಜೋಪಿರಸ್ ಎಂಬ ಮನುಷ್ಯ ರೋಮಿನ ಪ್ರಜೆಗಳ ನ್ಯಾಯದಂತೆ ಸ್ವತಂತ್ರ ಎಂದು ನಾನು ಹೇಳುತ್ತೇನೆ" ಎಂದ. ಬೆಳ್ಳುಳ್ಳಿ ವಾಸನೆಯಿಲ್ಲದ ಶುದ್ಧ ಲ್ಯಾಟಿನ್. ಅಷ್ಟು ಚೆನ್ನಾಗಿ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆಗ ಜೋಪಿರಸ್ ಟೋಪನ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಇದು ತಾಲೀಮಿನಲ್ಲಿ ಇರಲಿಲ್ಲ. ಒಳಗಿನ ಕೂದಲು ನರೆತಿತ್ತು. ನಾನು ಅವನ ಭುಜ ಹಿಡಿದೆ, ಒಂದು ಸುತ್ತು ತಿರುಗಿಸಿದೆ, ಕೈ ಬಿಟ್ಟೆ. ತಿರುಗಿಸುವಾಗ ಅವನ ಭುಜ ನನ್ನ ಕೈಯೊಳಗೆ ನಡುಗುತ್ತಿತ್ತು. ಚೆನ್ನಾಗಿ ಅಭಿನಯಿಸುತ್ತಿದ್ದಾನೆ ಎಂದು ಮೆಚ್ಚಿಕೊಂಡೆ.

ಟ್ರೆಬಿಯಸ್ ಮುಂದಿನ ಸಾಲಿಗೆ ತಿರುಗಿ ಕೈ ಮುಗಿದ. "ನ್ಯಾಯಾಧಿಪತಿಗಳು ಏನಂತಾರೋ?" ಎಂದು ಕೇಳಿ ಸುಮ್ಮನೆ ನಿಂತ. ಆಮೇಲೆ ಆಡಬೇಕಾದ ಮಾತು ಯಾರ ಬಾಯಲ್ಲೂ ಇರಲಿಲ್ಲ.

ಜನ ನ್ಯಾಯಾಧಿಪತಿಯ ಕಡೆ ನೋಡಿದರು. ಅಷ್ಟು ಸಾವಿರ ಕಣ್ಣು ತನ್ನ ಮೇಲೆ ಬಿದ್ದರೆ ಚುನಾವಣೆಗೆ ನಿಲ್ಲುವವನು ಏನು ಮಾಡುತ್ತಾನೆ? ಎದ್ದು ನಿಂತ. ನ್ಯಾಯಸ್ಥಾನದಲ್ಲಿ ಎತ್ತುವ ಹಾಗೆಯೇ ಕೈ ಎತ್ತಿದ. ವರ್ಷವಿಡೀ ಆಡಿ ಆಡಿ ನಾಲಿಗೆಗೆ ಅಂಟಿದ ಮಾತು.

"ಅದ್ದಿಕೋ" ಎಂದ.

ಗುಡ್ಡವೇ ಕುಸಿಯುವ ಹಾಗೆ ಜನ ನಕ್ಕರು. ಅವನು ಹೇಗೆ ಎಂದು ಪಕ್ಕಕ್ಕೆ ನೋಡಿದ. ಪಕ್ಕದಲ್ಲಿದ್ದ ಹಿರಿಯ ಪುರೋಹಿತ, ದೋಷ ಕಂಡವನ ಹಾಗೆ, ಟೋಗಾದ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದ. ಮುಂದಿನ ಸಾಲಿನ ನಗು ನಿಂತಿತು, ಆಮೇಲೆ ಅದರ ಹಿಂದಿನ ಸಾಲಿನದು, ಹಾಗೇ ಮೇಲಿನವರೆಗೂ. ಕೊಳಲಿನವನು ಮಾತ್ರ ಕಣ್ಣು ಮೇಲೆ ಮಾಡಿಕೊಂಡು ಊದುತ್ತಲೇ ಇದ್ದ. ನಿಲ್ಲಿಸಿದರೆ ಇನ್ನೊಂದು ದೋಷ ಎಂದು ಅವನಿಗೆ ಪ್ರಾಣಭಯ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಆ ಮಾತನ್ನು ಕಟ್ಟಿದವನು ನ್ಯಾಯಾಧಿಪತಿಯ ಮನೆಯ ಪಕ್ಕದಲ್ಲೇ ಇದ್ದಿರಬೇಕು.

ಮರುದಿನ ಬೆಳಿಗ್ಗೆ ಪುರೋಹಿತನ ಮನೆಗೆ ಎಲ್ಲರನ್ನೂ ಕರೆಸಿದರು. ನ್ಯಾಯಾಧಿಪತಿ ನಿದ್ದೆಯಿಲ್ಲದ ಮುಖ ಹೊತ್ತು ಕೂತಿದ್ದ. ಟ್ರೆಬಿಯಸ್, ಜೋಪಿರಸ್ ಗೋಡೆಗೆ ಒರಗಿ ನಿಂತಿದ್ದರು. ಪುರೋಹಿತನಿಗೆ ಹಲ್ಲಿರಲಿಲ್ಲ, ಗಂಜಿ ಕುಡಿಯುತ್ತಲೇ ವಿಚಾರಣೆ ಶುರು ಮಾಡಿದ. ನಾನು ಯಾರಿಗೂ ಕಾಯದೆ ಮುಂದೆ ಬಿದ್ದೆ.

"ಸ್ವಾಮಿ, ಅದು ಬರೀ ನಾಟಕ. ಅಲ್ಲಿ ನನ್ನ ಹೆಸರು ಫಿಲಾರ್ಕಸ್. ತಲೆ ಮೇಲೆ ಬಿಳೀ ಟೋಪನ್ ಇತ್ತು. ಊರು ಅಥೆನ್ಸ್. ಅಥೆನ್ಸಲ್ಲಿ ರೋಮ್ ನ್ಯಾಯಾಧಿಪತಿ ಮಾತಿಗೆ ಏನು ಬೆಲೆ, ನೀವೇ ಹೇಳಿ."

"ಊರು ಅಥೆನ್ಸ್ ಅಂತೀಯಾ?"

"ಹೌದು ಸ್ವಾಮಿ."

"ಖಂಡಿತ?"

"ಖಂಡಿತ ಸ್ವಾಮಿ. ನಾಟಕದ ಮೊದಲನೇ ಮಾತಲ್ಲೇ ಹೇಳಿದೀವಿ."

ಪುರೋಹಿತ ಬಾಯಿ ಒರೆಸಿಕೊಂಡ. "ಹಾಗಾದ್ರೆ ಅಪೋಲೊ ಉತ್ಸವ ಅಥೆನ್ಸಲ್ಲಿ ನಡೀತು, ರೋಮಲ್ಲಿ ನಡೀಲಿಲ್ಲ. ಇಲ್ಲಿ ಮತ್ತೆ ಮಾಡ್ಬೇಕು, ಮೊದಲಿಂದ. ಕುದುರೆ, ಎತ್ತು, ಜೂಜು, ಎಲ್ಲ." ಅವನು ನ್ಯಾಯಾಧಿಪತಿಯ ಕಡೆ ನೋಡಿದ. "ನೀವೇ ತಾನೆ ನಡೆಸೋರು?"

"ಬಾಯಿ ಮುಚ್ಚೋ ಮುಟ್ಠಾಳ" ಎಂದ ನ್ಯಾಯಾಧಿಪತಿ ನನಗೆ.

"ಆಟ ರೋಮಲ್ಲೇ ಆಯ್ತು, ದೇವರ ಕಣ್ಣೆದುರೇ ಆಯ್ತು, ಅಲ್ವೆ? ಸರಿ" ಎಂದ ಪುರೋಹಿತ. "ಈಗ ನೀವು ಹೇಳಿ. ಆ ಮಾತು ಬೇಕಂತ್ಲೇ ಆಡಿದ್ರೋ, ಬಾಯಿ ತಪ್ಪಿ ಬಂತೋ?"

"ತಮಾಷೆಗೆ ಅಂತ..."

"ತಮಾಷೆ ಅಂದ್ರೆ ಬೇಕಂತ್ಲೇ. ಬೇಕಂತ್ಲೇ ಆಡಿದ್ರೆ ಅದಕ್ಕೆ ಪ್ರಾಯಶ್ಚಿತ್ತಾನೇ ಇಲ್ಲ. ಸಾಯೋವರೆಗೂ ಪಾಪಿ ಅಂತ ಊರಿಗೆ ಡಂಗುರ ಹೊಡಿಸ್ಬೇಕು. ಚುನಾವಣೆ ವಿಷಯ ಆಮೇಲೆ ನಿಮಗೆ ಬಿಟ್ಟಿದ್ದು."

"ಬಾಯಿ ತಪ್ಪಿ ಬಂತು."

"ಹಾಗನ್ನಿ. ಬಾಯಿ ತಪ್ಪಿದ್ದಕ್ಕೆ ಒಂದು ಹಂದಿ. ಇವತ್ತೇ ಬಲಿ ಕೊಟ್ಟುಬಿಡಿ, ಮುಗೀತು."

ನನಗೆ ಉಸಿರು ಬಂತು. "ಅಂದ್ರೆ ಆ ಮಾತು ಬಿದ್ದೋಯ್ತು ಅಲ್ವಾ ಸ್ವಾಮಿ? ಬಾಯಿ ತಪ್ಪಿ ಬಂದಿದ್ದು ತಾನೆ."

"ಬೀಳೋದು ಹಂದಿ ಕಣಯ್ಯ. ಮಾತಲ್ಲ." ಅವನು ಟ್ರೆಬಿಯಸ್ ಕಡೆ ತಿರುಗಿದ. "ಕೋಲು ಮುಟ್ಸಿದೋನು ನೀನು. ಪ್ರಜೆ ತಾನೆ?"

"ಹೌದು ಸ್ವಾಮಿ."

"ತಿರುಗ್ಸಿ ಕೈ ಬಿಟ್ಟೋನು ಯಜಮಾನನೇ ತಾನೆ?"

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. "ಸ್ವಾಮಿ, ಅವನನ್ನ ಬಿಡೋ ಯೋಚನೆ ನನ್ನ ಮನಸ್ಸಲ್ಲಿ ಇರ್ಲಿಲ್ಲ. ಯಾವತ್ತೂ ಇರ್ಲಿಲ್ಲ."

"ನಿನ್ನ ಮನಸ್ಸನ್ನ ಯಾರಯ್ಯ ಕೇಳಿದ್ರು?" ಎಂದ ಪುರೋಹಿತ. ಗಂಜಿಯ ಬಟ್ಟಲು ಕೆಳಗಿಟ್ಟು ಜೋಪಿರಸ್‌ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಗುಲಾಮನ ಹೆಸರು ಅದೇ, ಯಜಮಾನ ಅವನೇ, ಕೋಲು ಸರಿ, ಸುತ್ತು ಸರಿ, ಮಾತು ಸರಿ. ದಿನ ಒಂದು ಸರಿ ಇಲ್ಲ. ಇವನು ಸ್ವತಂತ್ರ. ಆದ್ರೆ ದೋಷ ಇರೋ ಸ್ವತಂತ್ರ. ಹೋಗಿ ಎಲ್ಲರೂ."

ಜೋಪಿರಸ್ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಅತ್ತನೋ ನಕ್ಕನೋ ನನಗೆ ಹೇಳಲು ಬರುವುದಿಲ್ಲ. ಆ ಒಡೆದ ಗಂಟಲಿನಲ್ಲಿ ಎರಡೂ ಒಂದೇ ಥರ. ಬೀದಿಗೆ ಬಂದ ಮೇಲೆ ಅವನ ಮೇಲಂಗಿ ಹಿಡಿದು ನಿಲ್ಲಿಸಿದೆ.

"ಇಬ್ರೂ ಸೇರ್ಕೊಂಡು ಸಂಚು ಮಾಡಿದ್ರಿ ಅಲ್ವೇನೋ?"

"ಎಂಥ ಸಂಚು ಧಣಿ? ಕೋಲು ಮುಟ್ಸಿದ್ದು ಅವ್ರು. ತಿರುಗ್ಸಿದ್ದು ನೀವು. ಮಾತಾಡಿದ್ದು ನ್ಯಾಯಾಧಿಪತಿ." ಅವನು ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿದ. "ನಾನು ಸುಮ್ನೆ ನಿಂತಿದ್ದೆ."

ಬಿಡುಗಡೆಯಾದವನು ಯಜಮಾನನ ಹೆಸರನ್ನೇ ಇಟ್ಟುಕೊಳ್ಳುವುದು ನಮ್ಮ ಪದ್ಧತಿ. ಮಾನಿಯಸ್ ಕುರ್ಟಿಲಿಯಸ್ ಜೋಪಿರಸ್ ಎಂದು ಅವನು ಪ್ರಜೆಯಾದ. ಊರವರು ದೋಷದ ಜೋಪಿರಸ್ ಎಂದು ಕರೆದರು, ಕರೆದು ಅವನ ಹಿಂದೆಯೇ ಹೋದರು. ಟ್ರೆಬಿಯಸ್ ಜೊತೆ ಸೇರಿ ಅವನು ಒಂದು ಮೇಳ ಕಟ್ಟಿದ. ನನ್ನ ಕೊಳಲಿನವನೂ ಅತ್ತ ಹಾರಿದ. ನಾನು ಹೊಸ ನಟನೊಬ್ಬನನ್ನು ಕೊಂಡೆ; ದನಿ ಬೆಣ್ಣೆ, ತಲೆ ಮಣ್ಣು. ನಮ್ಮ ಆಟದ ನಡುವೆ ಜನ ಎದ್ದು ಹಗ್ಗದ ಮೇಲೆ ನಡೆಯುವವನನ್ನು ನೋಡಲು ಹೋಗತೊಡಗಿದರು. "ಕುರ್ಟಿಲಿಯಸ್, ಕುರ್ಟಿಲಿಯಸ್" ಎಂದು ಕೂಗುವುದು ಕೊನೆಗೂ ನನ್ನ ಕಿವಿಗೆ ಬಿತ್ತು. ಪಕ್ಕದ ರಂಗದ ಎದುರು ಅವನನ್ನು ಕೂಗುತ್ತಿದ್ದರು.

ಕೆಲವು ವರ್ಷಕ್ಕೆ ನನ್ನ ಮೇಳ ಚೆದುರಿತು. ಅದೇ ಹೊತ್ತಿಗೆ ನನ್ನ ಗಂಟಲೂ ಒಡೆಯಿತು. ಬೇರೆ ಯಾವ ಮೇಳದವನೂ ಸೇರಿಸಿಕೊಳ್ಳಲಿಲ್ಲ. ಕೊನೆಗೆ ಜೋಪಿರಸ್‌ನ ಡೇರೆಗೆ ಹೋದೆ. ಮುಂದಿನ ಉತ್ಸವಕ್ಕೆ ನೋಡೋಣ ಎನ್ನುತ್ತಾನೆ ಎಂದು ನನಗೆ ಗೊತ್ತಿತ್ತು. ಅದಕ್ಕೆ ಕೊಡುವ ಬೈಗುಳವನ್ನೂ ದಾರಿಯುದ್ದಕ್ಕೂ ಹೊಂದಿಸಿಕೊಂಡೇ ಹೋಗಿದ್ದೆ.

ಅವನು ನನ್ನನ್ನು ಕಂಡವನೇ ಎದ್ದು ನಿಂತ. ತಾನು ಕೂತಿದ್ದ ಮಣೆಯನ್ನು ನನಗೆ ಕೊಟ್ಟ. "ಕೂತ್ಕೊಳಿ ಧಣಿ" ಎಂದ. ಕೆನ್ನೆಗೆ ಹೊಡೆದಿದ್ದರೆ ನನಗೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

"ಒಂದು ವೇಷ ಇದೆ" ಎಂದ ಅವನು. "ಆ ಕೊನೆ ದೃಶ್ಯ ಬೇಕೇ ಬೇಕು ಅಂತಾರೆ ಜನ. ಆದ್ರೆ ಈಗಿನ ನ್ಯಾಯಾಧಿಪತಿಗಳು ಆ ದೃಶ್ಯ ಬಂತು ಅಂದ್ರೆ ಟೋಗಾನ ಬಾಯಿಗೆ ತುರುಕ್ಕೊಂಡು ಕೂತ್ಬಿಡ್ತಾರೆ. ಹಂಗಾಗಿ ರಂಗದ ಮೇಲೇ ಒಂದು ಕುರ್ಚಿ ಹಾಕಿದೀವಿ. ಅದರಲ್ಲಿ ಕೂತ್ಕೊಂಡು ಒಂದು ಮಾತು ಆಡ್ಬೇಕು. ಒಂದೇ. ನಿಮ್ಮ ಗಂಟಲಿಗೆ ಅಷ್ಟು ಸಾಕಲ್ವಾ?"

ಸಾಕು ಎಂದೆ. ಹೊಟ್ಟೆ ಅಲ್ಲ ಎನ್ನಲು ಬಿಡಲಿಲ್ಲ.

ಈಗ ಪ್ರತಿ ಉತ್ಸವದಲ್ಲೂ ಬಾಡಿಗೆಯ ನೇರಳೆ ಅಂಚಿನ ಟೋಗಾ ಉಟ್ಟು ಆ ಕುರ್ಚಿಯ ಮೇಲೆ ಕೂರುತ್ತೇನೆ. ನಾನು ಅಧಿಕಾರಿಯಲ್ಲ, ಆದ್ದರಿಂದ ನನ್ನ ಮಾತಿಗೆ ಯಾವ ದೋಷವೂ ತಟ್ಟುವುದಿಲ್ಲ, ಯಾವ ಹಂದಿಯೂ ಸಾಯುವುದಿಲ್ಲ. ಈ ಮೂರ್ಖ ಜನ ಪ್ರತಿ ಸಲವೂ ಮೊದಲ ಸಲದಷ್ಟೇ ನಗುತ್ತಾರೆ.

ಮೊದಲ ದಿನ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಟ್ರೆಬಿಯಸ್ ಕೋಲು ಮುಟ್ಟಿಸಿದ. ಮುದುಕನ ವೇಷದವನು ಜೋಪಿರಸ್‌ನನ್ನು ತಿರುಗಿಸಿ ಕೈ ಬಿಟ್ಟ. ಟೋಪನ್ ಕೈಯಲ್ಲಿ ಹಿಡಿದು ಅವನು ನನ್ನ ಎದುರು ಬಂದು ನಿಂತ, ಡೇರೆಯಲ್ಲಿ ನಿಲ್ಲುತ್ತಿದ್ದ ಹಾಗೆಯೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಕೈ ಎತ್ತಿ ಆ ಮಾತು ಆಡಿದೆ. ಅದು ಗಂಟಲಿನಲ್ಲೇ ಉಳಿಯಿತು. ಜನ ಕಾಯುತ್ತಿದ್ದರು.

ಅವನು ಜನರ ಕಡೆಗೆ ನಗುಮುಖ ಮಾಡಿಕೊಂಡೇ, ನನಗೆ ಮಾತ್ರ ಕೇಳಿಸುವ ಹಾಗೆ ಹೇಳಿದ. "ಜೋರಾಗಿ ಧಣಿ. ಹಿಂದಿನೋರಿಗೂ ಕೇಳ್ಲಿ."

ನಾನು ಇನ್ನೊಮ್ಮೆ ಹೇಳಿದೆ.